ಹತ್ತು ಹಾಳೆ, ಒಂದು ಮೂಲೆ: ಬಳ್ಳಾರಿಯ ಮಾಳಿಗೆ ಮೇಲೆ ಒಬ್ಬರೇ ಕೂತು ಅಮೂರ್ತ ಚಿತ್ರ ಮಾಡುವ ಬಗೆ

ನಮ್ಮ ಅತ್ತೆ ಮೊದಲ ಸಲ ಮಾಳಿಗೆ ಕೋಣೆಗೆ ಬಂದಾಗ, ಗೋಡೆಗೆ ಒರಗಿಸಿದ್ದ ಹಾಳೆಗಳನ್ನು ನೋಡಿ, "ಏನಮ್ಮಾ ಇದು, ಗ್ವಾಡಿಗೆ ಸುಣ್ಣ ಬಳ್ದಂಗೈತಿ" ಅಂದರು. ತಪ್ಪೇನಿಲ್ಲ, ಹಾಗೇ ಇತ್ತು. ಒಂದು ಹಾಳೆ ಪೂರ್ತಿ ಬಿಳಿ, ಅಂಚಿನಲ್ಲಿ ಮಾತ್ರ ಒಂದಿಷ್ಟು ಕೆಂಪು. ಅದನ್ನು ಮಾಡೋಕೆ ನನಗೆ ಮೂರು ಬೆಳಗ್ಗೆ ಹಿಡಿದಿತ್ತು ಅಂತ ಹೇಳುವ ಧೈರ್ಯ ಆವತ್ತು ಬರಲಿಲ್ಲ.

ನಾನು ಕಲಾ ಶಾಲೆಗೆ ಹೋದವಳಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯಲ್ಲಿ ಆರು ಜನ. ನನಗೆ ಬೇಕಾಗಿದ್ದು ಚಿತ್ರಕ್ಕಿಂತ ಹೆಚ್ಚಾಗಿ ಒಂದು ತಾಸು. ಯಾರೂ ಏನೂ ಕೇಳದ ಒಂದು ತಾಸು. ಮೊದಮೊದಲು ಗಿಳಿ, ಹೂವಿನ ಕುಂಡ, ಕೋಟೆ ಗುಡ್ಡ ಎಲ್ಲ ಬಿಡಿಸಿ ನೋಡಿದೆ. ಗಿಳಿ ಬಿಡಿಸಿದರೆ ಒಂದು ತೊಂದರೆ. ಅದು ಗಿಳಿ ಥರ ಇದೆಯಾ ಇಲ್ವಾ ಅನ್ನುವ ಪರೀಕ್ಷೆ ಕೂತಲ್ಲೇ ಶುರುವಾಗುತ್ತದೆ. ಇಡೀ ದಿನ ಡೆಬಿಟ್ಟು ಕ್ರೆಡಿಟ್ಟು ತಾಳೆ ನೋಡಿ ಬಂದವಳಿಗೆ ಮತ್ತೆ ಅದೇ ತಾಳೆ ನೋಡುವ ಕೆಲಸ ಯಾಕೆ? ಅಮೂರ್ತ ಚಿತ್ರ ಅಂದರೆ ಇಂಥ ವಸ್ತುವಿನ ಚಿತ್ರ ಅಂತಿಲ್ಲದೆ ಬರೀ ಬಣ್ಣ, ಗೆರೆ, ಆಕಾರ; ಅದರಲ್ಲಿ ತಾಳೆ ನೋಡೋಕೆ ಎದುರಿಗೆ ಏನೂ ಇರುವುದಿಲ್ಲ. ಹಾಳೆ ಮೇಲೆ ಇರುವುದೆಲ್ಲ ನೀವು ಮಾಡಿದ್ದೇ. ಅದಕ್ಕೇ ಅದು ಒಂಟಿತನಕ್ಕೆ ಒಗ್ಗುತ್ತದೆ, ಅದಕ್ಕೇ ಸ್ವಲ್ಪ ಹೆದರಿಕೆಯೂ ಆಗುತ್ತದೆ.

ಇಲ್ಲಿ ಹೇಳುವುದು ಹತ್ತು ಹಾಳೆಯ ಲೆಕ್ಕ. ವಾರಕ್ಕೊಂದು ಅಂದರೂ ಎರಡೂವರೆ ತಿಂಗಳು. ಒಂದೇ ಚಿತ್ರ ಮಾಡಿ "ಇದರಲ್ಲಿ ನನ್ನ ಮನಸ್ಸು ಏನಂತ ಹೇಳ್ತಿದೆ" ಅಂತ ಕೇಳಬೇಡಿ. ಒಂದು ಹಾಳೆ ಏನೂ ಹೇಳುವುದಿಲ್ಲ. ಹತ್ತು ಒಟ್ಟಿಗೆ ಇಟ್ಟರೆ ಏನೋ ಸಿಗುತ್ತದೆ. ನನಗೆ ಸಿಕ್ಕಿದ್ದೇನು ಅಂತ ಆಮೇಲೆ ಹೇಳುತ್ತೇನೆ.

ಹೊತ್ತು ಮತ್ತು ಜಾಗ

ಬಳ್ಳಾರಿ, ರಾಯಚೂರು ಕಡೆಯವರಿಗೆ ಹೊತ್ತು ಆರಿಸಿಕೊಳ್ಳುವ ಸ್ವಾತಂತ್ರ್ಯ ಕಡಿಮೆ. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟುವ ಊರಿದು. ತಗಡಿನ ಕೋಣೆಯಲ್ಲಿ ಮಧ್ಯಾಹ್ನ ಅಕ್ರಿಲಿಕ್ ಬಣ್ಣ ಹಚ್ಚಿದರೆ ಬ್ರಷ್ಷು ಹಾಳೆಯಿಂದ ಎತ್ತುವಷ್ಟರಲ್ಲಿ ಒಣಗಿರುತ್ತದೆ. ಬೆಳಗ್ಗೆ ಐದೂವರೆಯಿಂದ ಏಳರ ತನಕ ನನ್ನ ಹೊತ್ತು. ಬೆಳಕು ಮೆತ್ತಗಿರುತ್ತದೆ, ಗಾಳಿ ಇರುತ್ತದೆ, ಮನೆಯವರು ಮಲಗಿರುತ್ತಾರೆ. ರಾತ್ರಿಯೂ ಆಗುತ್ತದೆ. ಆದರೆ ಟ್ಯೂಬ್‌ಲೈಟಿನಲ್ಲಿ ಹಚ್ಚಿದ ಹಳದಿ ಬೆಳಗ್ಗೆ ನೋಡಿದರೆ ಬೇರೆಯೇ ಬಣ್ಣ. ಜೊತೆಗೆ ಕರೆಂಟಿನ ಭರವಸೆ ಇಲ್ಲ.

ಸ್ವಂತ ಕೋಣೆ ಬೇಕೇ ಬೇಕು ಅಂತಿಲ್ಲ. ಮಾಳಿಗೆ ಮೆಟ್ಟಿಲಿನ ಕೊನೆಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಒಂದು ಮೇಜು ಹಿಡಿಯುವಷ್ಟು ಜಾಗ ಸಾಕು. ಮುಖ್ಯ ಅಂದರೆ, ಅದು ದಿನಾ ಅದೇ ಜಾಗ ಆಗಿರಬೇಕು. ಮನೆಯವರಿಗೆ ಮೊದಲೇ ಹೇಳಿಬಿಡಿ: "ಏಳು ಗಂಟೆ ತನಕ ನಾನು ಊರಲ್ಲಿಲ್ಲ ಅಂತ ತಿಳ್ಕೊಳ್ರಿ." ಮೊದಲ ವಾರ ನಗುತ್ತಾರೆ. ಎರಡನೇ ವಾರ ಹಾಲಿನವನು ಬಂದಾಗ ಕೂಗುತ್ತಾರೆ. ಮೂರನೇ ವಾರದಿಂದ ಸರಿಹೋಗುತ್ತದೆ. ಫೋನು ಮಾತ್ರ ಕೆಳಗೇ ಇರಲಿ. ಸೈಲೆಂಟ್ ಮಾಡಿ ಪಕ್ಕಕ್ಕಿಟ್ಟ ಫೋನು ಫೋನೇ.

ಸಾಮಾನು

ಜಾಸ್ತಿ ಬೇಡ. 300 ಜಿಎಸ್‌ಎಂ ದಪ್ಪದ ಎ3 ಹಾಳೆ ಹತ್ತು. ತೆಳು ಹಾಳೆ ನೀರು ತಾಗಿದರೆ ಹಪ್ಪಳದ ಹಾಗೆ ಏಳುತ್ತದೆ. ವಿದ್ಯಾರ್ಥಿಗಳು ಬಳಸುವ ಅಕ್ರಿಲಿಕ್‌ನಲ್ಲಿ ಎರಡೇ ಬಣ್ಣ: ಬಿಳಿ ದೊಡ್ಡ ಡಬ್ಬಿ, ಕಪ್ಪು ಸಣ್ಣದು. ಮೂರನೆಯ ಬಣ್ಣ ನಾವೇ ಮಾಡಿಕೊಳ್ಳುವುದು. ಒಂದು ಅಗಲ ಬ್ರಷ್ಷು, ಗೋಡೆಗೆ ಪುಟ್ಟಿ ಹಚ್ಚುವ ಪಟ್ಟಿ, ಹಳೇ ಎಟಿಎಂ ಕಾರ್ಡು, ಬನಿಯನ್ ಚಿಂದಿ, ನೀರು ಚಿಮುಕಿಸುವ ಬಾಟಲಿ. ಹಾಳೆ ಅಂಟಿಸಿಕೊಳ್ಳಲು ಒಂದು ಪ್ಲೈವುಡ್ ತುಂಡು, ಮಾಸ್ಕಿಂಗ್ ಟೇಪು.

ಬಣ್ಣ ಬೇಗ ಒಣಗದಿರಲು ಒಂದು ಉಪಾಯ ಇದೆ. ಸ್ಟೀಲ್ ತಟ್ಟೆಯಲ್ಲಿ ಒದ್ದೆ ಬಟ್ಟೆ ಮಡಿಸಿ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಹಾಕಿಕೊಳ್ಳಿ. ಮುಗಿದ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟರೆ ಬೇಸಿಗೆಯಲ್ಲೂ ಮರುದಿನಕ್ಕೆ ಬಣ್ಣ ಮೆತ್ತಗಿರುತ್ತದೆ. ಬ್ರಷ್ಷು ಮಾತ್ರ ಆಗಲೇ ತೊಳೆಯಬೇಕು. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ಕು, ಸೀರೆಗೆ ತಾಗಿದರೂ ಅಷ್ಟೇ.

ನಮ್ಮಲ್ಲಿ ಡೆನಿಮ್ ಚಿಂದಿಗೆ ಬರವಿಲ್ಲವಲ್ಲ, ಅದನ್ನೇ ಪ್ಲೈವುಡ್ಡಿಗೆ ಬಿಗಿದು ಬಿಳಿ ಪ್ರೈಮರ್ ಹೊಡೆದರೆ ಕ್ಯಾನ್ವಾಸ್ ದುಡ್ಡು ಉಳಿಯಿತು ಅಂದುಕೊಂಡೆ. ಬಟ್ಟೆಯ ನೀಲಿ ಮೇಲೆ ಏರಿ ಬಿಳಿಯೆಲ್ಲ ತಿಳಿ ನೀಲಿ ಆಯಿತು. ನೀವು ಮಾಡುವುದಾದರೆ, ತೊಳೆದ ನೀರು ತಿಳಿಯಾಗುವ ತನಕ ಬಿಸಿ ನೀರಿನಲ್ಲಿ ತೊಳೆಯಿರಿ. ಇಲ್ಲದಿದ್ದರೆ ಆ ನೀಲಿಯನ್ನೇ ಒಪ್ಪಿಕೊಳ್ಳಿ.

ಮಣ್ಣಿನಿಂದ ಕೆಂಪು

ಇದನ್ನು ಬಿಟ್ಟು ಅಂಗಡಿ ಕೆಂಪು ತಂದರೂ ನಡೆಯುತ್ತದೆ. ಆದರೆ ನನ್ನ ಮಾತು ಕೇಳಿ, ಒಂದು ಸಲ ಮಾಡಿ ನೋಡಿ. ಹಾಳೆ ಮುಂದೆ ಸುಮ್ನೆ ಕೂರಲು ಬಾರದವರಿಗೂ ಈ ಕೆಲಸ ಅರ್ಧ ಕಲಿಸಿಬಿಡುತ್ತದೆ.

ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನ ಕೆಂಪು. ಬಿಸಿಲಿಗೆ ಮಾಸುವುದಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಹಳೇ ಕಾಲದ ಜನ ಬರೆದ ಕೆಂಪು ಚಿತ್ರಗಳು ಇವತ್ತಿಗೂ ಕಾಣುತ್ತಿವೆ ಅಂದರೆ ಅದೇ ಕಾರಣ. ನಾನು ಚಿಕ್ಕವಳಿದ್ದಾಗ ಈ ಕೆಂಪು ಅಂದರೆ ಸಿಟ್ಟು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸುವ ತನಕ ಸಂಡೂರು ದಾರಿಯಲ್ಲಿ ಅದಿರು ಲಾರಿ ಸಾಲು ನೋಡಿದವರಿಗೆ ಗೊತ್ತು. ಬಿಳಿ ಯೂನಿಫಾರ್ಮ್ ಸಂಜೆಗೆ ಇಟ್ಟಿಗೆ ಬಣ್ಣ. ಅವ್ವ ಬಟ್ಟೆ ಕುಕ್ಕುತ್ತಾ ಲಾರಿಯವರಿಗೆಲ್ಲ ಬಯ್ಯುತ್ತಿದ್ದಳು. ಈಗ ಅದೇ ಕೆಂಪನ್ನು ನಾನು ಬಟ್ಟಲಲ್ಲಿ ಸೋಸುತ್ತಾ ಕೂರುತ್ತೇನೆ.

ಮಣ್ಣು ಗಣಿ ಜಾಗದಿಂದಲೋ ಕಾಡಿನಿಂದಲೋ ತರಬೇಡಿ. ಗೊತ್ತಿದ್ದವರ ಹೊಲ, ಪಾಯ ತೋಡಿದ ಮನೆ, ಎಲ್ಲಾದರೂ ಎರಡು ಬೊಗಸೆ ಸಿಗುತ್ತದೆ. ಕಲ್ಲು ಬೇರು ಆರಿಸಿ, ಬಕೆಟ್ ನೀರಿಗೆ ಹಾಕಿ ಜೋರಾಗಿ ಕಲಕಿ. ಹತ್ತು ಎಣಿಸಿ. ಉಸುಕು ತಳಕ್ಕೆ ಇಳಿಯುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಪಂಚೆ ಬಟ್ಟೆಯಲ್ಲಿ ಸೋಸಿ ಬಗ್ಗಿಸಿ. ಮತ್ತೆ ಕಲಕಿ, ಮತ್ತೆ ಎಣಿಸಿ, ಮತ್ತೆ ಬಗ್ಗಿಸಿ. ಮೂರು ಸಲ ಆದ ಮೇಲೆ ಬೆರಳ ನಡುವೆ ತಿಕ್ಕಿ ನೋಡಿ. ಉಸುಕಿನ ಕರಕರ ಇನ್ನೂ ಇದ್ದರೆ ನಾಲ್ಕನೇ ಸಲ. ಬೆಣ್ಣೆ ಹಾಗೆ ಜಾರಿದರೆ ಸಾಕು. ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಮೇಲಿನ ತಿಳಿ ನೀರು ಬಗ್ಗಿಸಿದರೆ ತಳದಲ್ಲಿ ದೋಸೆ ಹಿಟ್ಟಿನ ಹದದ ಕೆಂಪು. ತಟ್ಟೆಗೆ ಹರಡಿ ಬಿಸಿಲಿಗಿಡಿ. ನಮ್ಮ ಬಿಸಿಲಿಗೆ ಒಂದು ದಿನ ಜಾಸ್ತಿಯಾಯಿತು. ಒಣ ಹೆಂಟೆಯನ್ನು ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಎದೆಗೆ ಒಳ್ಳೆಯದಲ್ಲ.

ಎರಡು ಚಮಚ ಪುಡಿಗೆ ಒಂದು ಚಮಚ ಬಿಳಿ ಫೆವಿಕಾಲ್, ಸ್ವಲ್ಪ ನೀರು. ಗ್ರಂಥಿಗೆ ಅಂಗಡಿಯ ಗೋಂದನ್ನು ರಾತ್ರಿ ನೆನೆಸಿಟ್ಟು ಅದನ್ನೂ ಬಳಸಬಹುದು, ಆದರೆ ಅದು ಒದ್ದೆಯಾದರೆ ಕರಗುತ್ತದೆ. ತುಂಡು ಹಾಳೆಗೆ ಹಚ್ಚಿ ಒಣಗಿದ ಮೇಲೆ ಬೆರಳಿಂದ ಉಜ್ಜಿ ನೋಡಿ. ಪುಡಿ ಬಂದರೆ ಅಂಟು ಕಡಿಮೆ. ಪ್ಲಾಸ್ಟಿಕ್ ಹಾಗೆ ಹೊಳೆದರೆ ಜಾಸ್ತಿ.

ಕೆಂಪು ಚೆನ್ನಾಗಿ ಬಂತು ಅಂತ ಹಿಗ್ಗಿ ಎರೆಮಣ್ಣಿಂದ ಕಪ್ಪು ಮಾಡಲು ಹೋದೆ. ಹಚ್ಚಿದಾಗ ಏನು ಚೆಂದ! ರೇಷ್ಮೆ ಕಪ್ಪು. ಮರುದಿನ ಬೆಳಗ್ಗೆ ಹಾಳೆ ತುಂಬ ಬಿರುಕು, ಮೇ ತಿಂಗಳ ಹತ್ತಿ ಹೊಲದ ಹಾಗೆ. ಎತ್ತಿದರೆ ಚಕ್ಕೆ ಚಕ್ಕೆ ಉದುರಿತು. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೊಲದಲ್ಲಿ ಮಾಡುವುದನ್ನೇ ಹಾಳೆ ಮೇಲೂ ಮಾಡಿತು. ಈ ಭಾಗದಲ್ಲಿ ಹುಟ್ಟಿ ಬೆಳೆದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಅಂತ ನಗು ಬಂತು. ಕಪ್ಪು ಅಂಗಡಿಯದೇ ಇರಲಿ.

ಮೊದಲು ಸುಮ್ನೆ ಕೂರಿ

ಹತ್ತು ನಿಮಿಷ. ಹಾಳೆ ಎದುರಿಗೆ, ಬ್ರಷ್ಷು ಕೆಳಗೆ. ಧ್ಯಾನ ಅಂತ ದೊಡ್ಡ ಹೆಸರು ಬೇಡ. ತಲೆಯಲ್ಲಿ ತಿಂಗಳ ಸಂತೆ ಲೆಕ್ಕ, ಮಗಳ ಫೀಸು, ನಿನ್ನೆ ಯಾರೋ ಅಂದ ಮಾತು ಎಲ್ಲ ಬರುತ್ತವೆ, ಬರಲಿ. ಹಾಳೆಯ ಬಿಳಿ ಎಲ್ಲ ಕಡೆ ಒಂದೇ ಬಿಳಿ ಅಲ್ಲ ಅಂತ ಕಾಣಲು ಸುಮಾರು ಅಷ್ಟೇ ಹೊತ್ತು ಬೇಕು. ಕಿಟಕಿ ಕಡೆ ತುಸು ಹಳದಿ, ಆಚೆ ಕಡೆ ಬೂದಿ. ಅದು ಕಂಡಿತಾ? ಹಾಗಾದರೆ ಶುರು ಮಾಡಿ.

ಮೊದಲ ಮೂರು ಹಾಳೆ: ಚುಕ್ಕೆ

ಎಸ್. ಎಚ್. ರಜಾ ಅಂತ ದೊಡ್ಡ ಚಿತ್ರಕಾರರು, 1922ರಲ್ಲಿ ಮಧ್ಯಪ್ರದೇಶದ ಕಾಡಂಚಿನ ಹಳ್ಳಿಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಕೂತಲ್ಲಿ ಕೂರದ ಹುಡುಗ. ಶಾಲೆಯ ಮೇಷ್ಟ್ರು ಗೋಡೆ ಮೇಲೆ ಒಂದು ಚುಕ್ಕೆ ಇಟ್ಟು, ಇದನ್ನೇ ನೋಡುತ್ತಾ ಕೂರು ಅಂದರಂತೆ. ಪ್ಯಾರಿಸ್ಸಿನಲ್ಲಿ ವರ್ಷಗಟ್ಟಲೆ ಇದ್ದು ಏನೇನೋ ಬರೆದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಅವರು ಆ ಚುಕ್ಕೆಗೇ ಮರಳಿದರು. ಅವರ ಬಿಂದು ಚಿತ್ರಗಳು ಹಾಗೆ ಬಂದವು. 2016ರಲ್ಲಿ ತೀರಿಕೊಳ್ಳುವ ತನಕ ಅದನ್ನು ಬಿಡಲಿಲ್ಲ.

ನೀವೂ ಒಂದು ಚುಕ್ಕೆ ಇಡಿ. ಕೆಂಪು, ಎಂಟಾಣೆ ಅಗಲ. ಎಲ್ಲಿ ಇಡಬೇಕು ಅಂತ ಕೇಳಬೇಡಿ, ಅದೇ ಮೊದಲ ಪಾಠ. ಇಟ್ಟ ಮೇಲೆ ಹಾಳೆಯ ಉಳಿದ ಭಾಗವನ್ನು ಬಿಳಿಯಲ್ಲಿ ತುಂಬಿ, ಚುಕ್ಕೆಯ ಸುತ್ತ ನಿಧಾನವಾಗಿ ಬನ್ನಿ. ಅಂಚು ಮುಟ್ಟಿದರೆ ಕೆಂಪು ಬಿಳಿಗೆ ಸೇರಿ ಗುಲಾಬಿ ಆಗುತ್ತದೆ. ಬೇಡ ಅನಿಸಿದರೆ ಒಣಗಲು ಬಿಡಿ, ಮತ್ತೆ ಹಚ್ಚಿ. ಒಂದೇ ಚುಕ್ಕೆಗೆ ಇಡೀ ತಾಸು ಹೋಗುತ್ತದೆ. ಬೇಜಾರು ಬರುತ್ತದೆ, ಇಪ್ಪತ್ತನೇ ನಿಮಿಷದ ಸುಮಾರಿಗೆ, ಪ್ರತಿ ಸಲ. ಅದು ದಾಟಿದ ಮೇಲೆ ಏನಾಗುತ್ತದೆ ಅಂತ ನೋಡೋಕೇ ಮೂರು ಹಾಳೆ.

ಮುಂದಿನ ಮೂರು: ಗೆರೆ

ನಸ್ರೀನ್ ಮೊಹಮ್ಮದಿ (1937–1990) ಅಂತ ಚಿತ್ರಕಲಾವಿದೆ ಬರೋಡದಲ್ಲಿ ಪಾಠ ಹೇಳುತ್ತಿದ್ದರು. ಪೆನ್ಸಿಲ್ಲು, ಇಂಕು, ಸಪೂರ ಗೆರೆ, ಅಷ್ಟೇ ಅವರ ಲೋಕ. ಹೆಚ್ಚಿನ ಚಿತ್ರಗಳಿಗೆ ಹೆಸರನ್ನೂ ಇಡಲಿಲ್ಲ, ತಾರೀಕನ್ನೂ ಹಾಕಲಿಲ್ಲ. ಹಾಕಿ ತೋರಿಸುವುದು ಯಾರಿಗೆ ಅನ್ನುವ ಹಾಗೆ.

ನಿಮ್ಮ ಹಾಳೆಯಲ್ಲಿ ಎಡದಿಂದ ಬಲಕ್ಕೆ ಅಡ್ಡ ಗೆರೆ ಎಳೆಯಿರಿ, ಸ್ಕೇಲ್ ಬೇಡ. ಒಂದು ಗೆರೆಗೆ ಒಂದು ಉಸಿರು: ಬಿಡುತ್ತಾ ಎಳೆಯಿರಿ, ಉಸಿರು ಮುಗಿದಲ್ಲಿ ಗೆರೆ ನಿಲ್ಲಲಿ. ಐವತ್ತು ಅರವತ್ತು ಗೆರೆ ಆದ ಮೇಲೆ ನೋಡಿದರೆ, ಎಲ್ಲಿ ಅವಸರ ಬಿದ್ದಿರಿ, ಎಲ್ಲಿ ಕೈ ಒತ್ತಿತು, ಎಲ್ಲಿ ಏನನ್ನೋ ನೆನೆಸಿಕೊಂಡಿರಿ ಎಲ್ಲ ಕಾಣುತ್ತದೆ. ಕೌದಿ ಹೊಲಿಯುವವರಿಗೆ ಇದು ಹೊಸದೇನಲ್ಲ. ನಮ್ಮ ಅಜ್ಜಿ ಕೌದಿಯ ಹೊಲಿಗೆ ನೋಡಿ, "ಇಲ್ಲಿ ಮನಸ್ಸಿರಲಿಲ್ಲ ನಿಂಗೆ" ಅಂತ ಬೆರಳಿಟ್ಟು ತೋರಿಸುತ್ತಿದ್ದಳು.

ಕೊನೆಯ ನಾಲ್ಕು: ಮುಚ್ಚುವುದು, ಕೆರೆಯುವುದು

ಇಲ್ಲಿ ನಿಜವಾದ ಕೆಲಸ ಇದೆ. ವಿ. ಎಸ್. ಗಾಯ್ತೊಂಡೆ (1924–2001) ಅಂತ ಅಮೂರ್ತ ಚಿತ್ರಕಾರರು ದೆಹಲಿಯ ನಿಜಾಮುದ್ದೀನಿನಲ್ಲಿ ಮಾಳಿಗೆ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದರು. ರೋಲರಿನಿಂದ ಬಣ್ಣ ಹಚ್ಚಿ, ಚಾಕುವಿನಿಂದ ಕೆರೆದು, ಹರಿದ ಕಾಗದ ಒತ್ತಿ ಎತ್ತಿ, ಪದರದ ಮೇಲೆ ಪದರ. ವರ್ಷಕ್ಕೆ ಮಾಡಿದ್ದು ಬೆರಳೆಣಿಕೆಯ ಚಿತ್ರ. ಉಳಿದ ಹೊತ್ತೆಲ್ಲ ನೋಡುತ್ತಾ ಕೂರುವುದೇ. ನಮ್ಮ ಮೈದುನ "ಇದಕ್ಕೆಲ್ಲ ಯಾರಾದರೂ ದುಡ್ಡು ಕೊಡ್ತಾರಾ ಅತ್ತಿಗೆ" ಅಂದಾಗ, 2013ರಲ್ಲಿ ಮುಂಬೈ ಹರಾಜಿನಲ್ಲಿ ಗಾಯ್ತೊಂಡೆಯವರ ಒಂದು ಚಿತ್ರ 23.7 ಕೋಟಿಗೆ ಹೋಯಿತು ಅಂತ ಹೇಳಿದೆ. ಅವತ್ತಿಂದ ನನ್ನ ಹಾಳೆಗಳ ಪಕ್ಕ ನೀರಿನ ಚೊಂಬು ಇಡುವುದನ್ನು ಬಿಟ್ಟಿದ್ದಾನೆ.

ಹೀಗೆ ಮಾಡಿ. ಮೊದಲ ಬೆಳಗ್ಗೆ ಹಾಳೆಯ ಮೇಲೆ ಏನಾದರೂ ಬರೆಯಿರಿ, ಅಕ್ಷರದಲ್ಲೇ. ಯಾರಿಗೂ ಹೇಳಲಾರದ ಮಾತು ಇದ್ದರೆ ಅದನ್ನೇ, ಬ್ರಷ್ಷಿನಲ್ಲಿ ದೊಡ್ಡದಾಗಿ, ಕಪ್ಪಿನಲ್ಲಿ. ಒಣಗಿದ ಮೇಲೆ ಪುಟ್ಟಿ ಪಟ್ಟಿಯಿಂದ ಬಿಳಿ ಎಳೆದು ಪೂರ್ತಿ ಮುಚ್ಚಿ. ಎರಡನೇ ಬೆಳಗ್ಗೆ ಕೆಂಪು ಪದರ. ಅದು ಇನ್ನೂ ಹಸಿ ಇರುವಾಗಲೇ ಎಟಿಎಂ ಕಾರ್ಡಿನ ಅಂಚಿನಿಂದ ಅಲ್ಲಲ್ಲಿ ಕೆರೆಯಿರಿ. ಒಣಗಿದ್ದರೆ ನೀರು ಚಿಮುಕಿಸಿ, ಚಿಂದಿಯಿಂದ ಒತ್ತಿ ಉಜ್ಜಿ. ಮಣ್ಣಿನ ಕೆಂಪು ಅಕ್ರಿಲಿಕ್ಕಿಗಿಂತ ಸುಲಭವಾಗಿ ಎದ್ದು ಬರುತ್ತದೆ. ಕೆಳಗಿನ ಬಿಳಿ ಇಣುಕುತ್ತದೆ, ಒಂದೊಂದು ಕಡೆ ಕಪ್ಪಿನ ಉಬ್ಬು ಕೈಗೆ ತಾಗುತ್ತದೆ. ಓದಲು ಬಾರದು, ಆದರೆ ಇದೆ. ಮೂರನೇ ಬೆಳಗ್ಗೆ ಏನು ಮುಚ್ಚಬೇಕು, ಏನು ಬಿಡಬೇಕು ಅಂತ ನೀವೇ ತೀರ್ಮಾನ ಮಾಡಬೇಕು. ನನಗೆ ಈ ಮೂರನೇ ಬೆಳಗ್ಗೆ ಅಂದರೆ ಇಷ್ಟ. ಅರ್ಧ ಹೊತ್ತು ಬ್ರಷ್ಷು ಮುಟ್ಟುವುದೇ ಇಲ್ಲ.

ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಗೆ ಬಣ್ಣ ಹಚ್ಚುವ ಮೊದಲು ಹುಣಸೆ ಬೀಜದ ಅಂಟು, ಮರದ ಹೊಟ್ಟು ಕಲಸಿದ ಕಿಟ್ಟ ಬಳಿದು, ಬಟ್ಟೆ ತುಂಡು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ನಮ್ಮ ಕಣ್ಣಿಗೆ ಕಾಣುವುದು ಮೇಲಿನ ಬಣ್ಣ ಮಾತ್ರ. ಪದರ ಅಂದರೆ ಏನು ಅಂತ ನೋಡಬೇಕಿದ್ದರೆ ದೂರ ಹೋಗಬೇಕಿಲ್ಲ.

ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ನನ್ನ ಹತ್ತಿರ ಇರುವುದು ಒಂದೇ ಅಳತೆ. ಹಾಳೆಯನ್ನು ತಲೆಕೆಳಗೆ ಮಾಡಿ ಇಡಿ. ಕೈ ತಾನಾಗಿ ಬ್ರಷ್ಷಿಗೆ ಹೋಗದಿದ್ದರೆ ಅಲ್ಲಿಗೆ ಬಿಡಿ. ಚೆಂದ ಮಾಡೋಣ ಅಂತ ಮುಂದುವರಿದು ಎರಡು ಹಾಳೆ ಕೆಸರು ಮಾಡಿಕೊಂಡಿದ್ದೇನೆ.

ಹಿಂಬದಿಯಲ್ಲಿ ಮೂರು ಸಾಲು

ಪ್ರತಿ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಕು, ಎಷ್ಟು ಹೊತ್ತು ಕೂತಿರಿ, ಕೂತಾಗ ಯಾವ ಸದ್ದು ಕೇಳಿತು. ಚಿತ್ರದ ಅರ್ಥ ಬರೆಯಬೇಡಿ. ಬರೆದರೆ ಮುಂದಿನ ಸಲ ಚಿತ್ರ ನೋಡುವುದಿಲ್ಲ, ಬರೆದದ್ದನ್ನೇ ಓದುತ್ತೀರಿ.

ಸಾಲಾಗಿ ಇಡುವುದು

ಹತ್ತು ಮುಗಿದ ಮೇಲೆ ಒಂದು ವಾರ ಮುಟ್ಟಬೇಡಿ. ಆಮೇಲೆ ಒಂದು ಬೆಳಗ್ಗೆ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹರಡಿ, ನಿಂತು ನೋಡಿ. ಕೆಂಪು ಅಂದರೆ ಕೋಪ, ಕಪ್ಪು ಅಂದರೆ ದುಃಖ ಅನ್ನುವ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟಿದೆ, ಅದನ್ನು ಪಕ್ಕಕ್ಕಿಡಿ. ನಮ್ಮ ಮನೆಗಳಲ್ಲಿ ಕೆಂಪು ಕುಂಕುಮವೂ ಹೌದು, ಹೊಸ್ತಿಲ ಕೆಮ್ಮಣ್ಣೂ ಹೌದು. ಕೇಳಬೇಕಾದ್ದು ಇಷ್ಟೇ: ಏನು ಮತ್ತೆ ಮತ್ತೆ ಬಂದಿದೆ? ಎಲ್ಲಿ ಕೈಯೇ ಹೋಗಿಲ್ಲ?

ನನ್ನ ಹತ್ತರಲ್ಲಿ ಏಳು ಹಾಳೆಯ ಎಡಗಡೆ ಕೆಳಮೂಲೆ ಖಾಲಿ. ಚುಕ್ಕೆ ಹಾಳೆಯಲ್ಲಿ ಬಿಳಿ ಅಲ್ಲಿ ತೆಳ್ಳಗೆ. ಗೆರೆಗಳು ಆ ಕಡೆ ಬರುತ್ತಾ ಅವಸರ ಬಿದ್ದಿವೆ. ಮುಚ್ಚಿದ ಹಾಳೆಗಳಲ್ಲೂ ಆ ಮೂಲೆಯನ್ನು ಮುಚ್ಚಿಲ್ಲ, ಕೆರೆದೂ ಇಲ್ಲ. ಮೊದಲು ಇದಕ್ಕೇನೋ ಗಹನವಾದ ಅರ್ಥ ಇರಬೇಕು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಚಿಕ್ಕಂದು, ಅಪ್ಪ, ತವರುಮನೆ, ಎಲ್ಲ ಬಂದು ಹೋದವು. ಮೂರನೇ ದಿನ ಮೇಜಿನ ಮುಂದೆ ಕೂತಾಗ ಗೊತ್ತಾಯಿತು. ನನ್ನ ಎಡಕ್ಕೆ ಮೆಟ್ಟಿಲಿನ ಬಾಗಿಲು. ಕೆಳಗೆ ಅಡುಗೆ ಮನೆ. ಹಾಲು ಉಕ್ಕಿತಾ, ಮಗಳು ಎದ್ದಳಾ, ಅತ್ತೆ ಕರೆದರಾ ಅಂತ ನನ್ನ ಒಂದು ಕಿವಿ ಇಡೀ ತಾಸು ಆ ಕಡೆಯೇ ಇತ್ತು. ಹಿಂಬದಿಯ ಸಾಲುಗಳನ್ನು ತೆಗೆದು ನೋಡಿದೆ. ಸದ್ದು: ಕುಕ್ಕರ್. ಸದ್ದು: ಕೆಳಗಿನ ಗೇಟು. ಸದ್ದು: ಅತ್ತೆ ಕೆಮ್ಮು. ಎರಡೂವರೆ ತಿಂಗಳು ಒಬ್ಬಳೇ ಕೂತಿದ್ದೇನೆ ಅಂದುಕೊಂಡಿದ್ದೆ. ಒಂದು ಬೆಳಗ್ಗೆಯೂ ಒಬ್ಬಳೇ ಇರಲಿಲ್ಲ.

ಮೇಜನ್ನು ತಿರುಗಿಸಿ ಕೋಟೆ ಗುಡ್ಡದ ಕಡೆ ಮುಖ ಮಾಡಿದೆ. ಈಗ ಬಾಗಿಲು ಬೆನ್ನ ಹಿಂದೆ. ಎರಡನೇ ಹತ್ತರಲ್ಲಿ ಆ ಮೂಲೆ ತುಂಬಿದೆ. ಬಲಗಡೆ ಮೇಲೆ ಏನೋ ಶುರುವಾಗಿದೆ, ಅದು ಏನಂತ ಹತ್ತೂ ಮುಗಿಯಲಿ, ನೋಡೋಣ.

ಎರಡು ಎಚ್ಚರಿಕೆ, ಒಂದು ತಿರುಗಾಟ

ಒಬ್ಬರೇ ಇರುವುದು ಬೇರೆ, ಯಾರೂ ಇಲ್ಲ ಅನಿಸುವುದು ಬೇರೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಬಣ್ಣ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇನ್ನೊಂದು, ಮಾಡಿದ ಚಿತ್ರವನ್ನು ಕೂಡಲೇ ಸ್ಟೇಟಸ್ಸಿಗೆ ಹಾಕಬೇಡಿ. ಹಾಕಿದ ಗಳಿಗೆಯಿಂದ ಮುಂದಿನ ಹಾಳೆಯಲ್ಲಿ ಲೈಕು ಕೊಟ್ಟವರೂ ಬಂದು ಕೂರುತ್ತಾರೆ.

ನಡುನಡುವೆ ಬೇಸರ ಬಂದರೆ ಬಳ್ಳಾರಿ ಪಕ್ಕದ ಸಂಗನಕಲ್ಲಿಗೆ ಹೋಗಿ ಬನ್ನಿ. ಅಲ್ಲಿನ ಗುಡ್ಡದಲ್ಲಿ ಕಪ್ಪು ಕಲ್ಲುಗಳ ಮೇಲೆ ಸಾವಿರಾರು ವರ್ಷದ ಹಿಂದಿನ ಜನ ಕುಟ್ಟಿ ಕುಟ್ಟಿ ಮೂಡಿಸಿದ ದನ, ಮನುಷ್ಯರ ಗುರುತುಗಳಿವೆ. ತಟ್ಟಿದರೆ ನಾದ ಬರುವ ಬಂಡೆಗಳೂ ಇವೆ, ನೀವು ತಟ್ಟಬೇಡಿ, ಸವೆಯುತ್ತವೆ. ನನಗೆ ಅಲ್ಲಿ ಇಷ್ಟವಾಗಿದ್ದು ದನದ ಚಿತ್ರಕ್ಕಿಂತ, ಏನೂ ಆಗದೆ ಸುಮ್ನೆ ಕುಟ್ಟಿಸಿಕೊಂಡು ಬಿಳಿಚಿಕೊಂಡ ಜಾಗಗಳು. ಹಿರೇಬೆಣಕಲ್ಲಿಗೂ ಹೋಗಬಹುದು, ಆದರೆ ಅದು ಗುಡ್ಡ ಹತ್ತುವ ದಾರಿ. ಒಬ್ಬರೇ ಹೋಗಬೇಡಿ, ನೀರು ಜಾಸ್ತಿ ಒಯ್ಯಿರಿ, ಬಿಸಿಲೇರುವ ಮೊದಲೇ ಇಳಿಯಿರಿ.

ಉಳಿದ ಮಣ್ಣಿನ ಬಣ್ಣಕ್ಕೆ ಅಂಟು ಬೆರೆಸಿದ್ದರೆ ಎರಡು ಮೂರು ದಿನದಲ್ಲಿ ಬಳಸಿ ಮುಗಿಸಿ, ಇಲ್ಲವಾದರೆ ವಾಸನೆ ಬರುತ್ತದೆ. ಅಂಟಿಲ್ಲದ ಒಣ ಪುಡಿಯನ್ನು ಡಬ್ಬಿಯಲ್ಲಿ ಹಾಕಿಟ್ಟರೆ ಎಷ್ಟು ವರ್ಷವಾದರೂ ಕೆಡುವುದಿಲ್ಲ. ನನ್ನ ಡಬ್ಬಿ ಮಾತ್ರ ಹೋದ ಯುಗಾದಿಯ ಹಿಂದಿನ ದಿನ ಅರ್ಧ ಖಾಲಿಯಾಗಿತ್ತು. ಕೆಳಗೆ ಬಂದು ನೋಡಿದರೆ ಅತ್ತೆ ಹೊಸ್ತಿಲಿಗೆ ಕೆಮ್ಮಣ್ಣು ಬಳಿದು, ರಂಗೋಲಿಗೆ ಚುಕ್ಕೆ ಇಡುತ್ತಾ ಕೂತಿದ್ದರು. "ನಿನ್ನ ಮಣ್ಣು ಭಾಳ ನುಣ್ಣಗೈತವ್ವ, ಉಸುಕೇ ಇಲ್ಲ" ಅಂದರು. ಮತ್ತೆ ಮುಂದಿನ ಚುಕ್ಕೆಗೆ ಬಗ್ಗಿದರು.